ಕ್ಲಾಸಿನ ವೀಳ್ಯ

ಚಿನ್ನಮನೂರಿನಲ್ಲಿ ನಿಂತು ಕಂದಸಾಮಿ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ‘ಕುರ್ಚಿ ಕಂದಸಾಮಿ’ ಎಂದರೆ ಮಾತ್ರ ಒಬ್ಬನೇ. ಖಾಲಿ ಕುರ್ಚಿಗಳಿಗೆ ಜನರನ್ನು ಹುಡುಕಿ ತಂದು ಕೂರಿಸುವುದು ಅವನ ಸಂಬಳದ ಕೆಲಸವಾಗಿದ್ದರಿಂದ ಈ ಹೆಸರು ಬಂತು. ಇಟ್ಟವರು ಸ್ವಂತ ನೆಂಟರೇ. ನಮ್ಮ ಜನ ಹೀಗೆ. ಮಗು ಹುಟ್ಟಿದಾಗ ದೇವರ ಹೆಸರಿಡುತ್ತಾರೆ, ಅದು ಬೆಳೆದು ಏನಾಯಿತೆಂದು ನೋಡಿಕೊಂಡು ನಿಜವಾದ ಹೆಸರಿಡುತ್ತಾರೆ.

ಅವನ ಅಪ್ಪ, ಅಜ್ಜ ಎಲ್ಲ ಕಾಲುವೆ ನೀರಿನ ಗದ್ದೆ ಮಾಡಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಷ್ಟು ನೂರು ವರ್ಷದಿಂದ ಹೀಗೆ ಎಂದು ಎಣಿಸಿದವರು ಯಾರೂ ಇಲ್ಲ. ಕಂದಸಾಮಿ ಮದುರೆಯಲ್ಲಿ ಬಿ.ಕಾಂ. ಓದಿ ಮೂರನೆಯದಾಗಿ ಇಂಗ್ಲಿಷನ್ನೂ ಬಾಯಿಗೆ ಹಾಕಿಕೊಂಡ. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ದಿಂಡಿಗಲ್ಲಿನಲ್ಲಿ ಕೆಲಸ ಸಿಕ್ಕಿತು.

ಅದೊಂದು ಹೊಸ ಬಗೆಯ ಸಂಸ್ಥೆ. ಕೆಲವು ಗಿರಣಿ ಮಾಲೀಕರು ಸೇರಿ ಕಟ್ಟಿದ ವ್ಯಾಪಾರ ಆಡಳಿತ ತರಬೇತಿ ಕೇಂದ್ರ. ಗಿರಣಿ ಮ್ಯಾನೇಜರುಗಳು, ಮಂಡಿ ಯಜಮಾನರು, ಬೀಗದ ಕಾರ್ಖಾನೆಯವರು ಬಂದು ಐದು ದಿನ ಕೂತು ಆಡಳಿತ ಕಲಿಯಬೇಕು. ಕೈಕೆಳಗಿನವರಿಂದ ಕೆಲಸ ತೆಗೆಯುವುದು ಹೇಗೆ, ಜವಾಬ್ದಾರಿ ಹಂಚುವುದು ಹೇಗೆ, ತೀರ್ಮಾನ ಮಾಡುವುದು ಯಾವಾಗ, ಇಂಥವು. ಪಾಠ ಹೇಳಲು ಮದ್ರಾಸಿನಿಂದ ಪ್ರೊಫೆಸರುಗಳು. ಕಂದಸಾಮಿ ಅಲ್ಲಿ ಪ್ರೋಗ್ರಾಂ ಸೆಕ್ರೆಟರಿ. ಕೇಳಲಿಕ್ಕೆ ದೊಡ್ಡ ಹೆಸರು. ಮಾಡುವುದು ಕಾಗದ ಹಂಚುವುದು, ಎದೆಗೆ ಸಿಕ್ಕಿಸುವ ಚೀಟಿಗಳಲ್ಲಿ ಹೆಸರು ಬರೆಯುವುದು, ಹನ್ನೊಂದು ಗಂಟೆಗೆ ಟೀ ಬಂತೇ ಎಂದು ನೋಡುವುದು, ಊಟದ ಮೇಲೆ ಗೊರಕೆ ಹೊಡೆಯುವ ಯಜಮಾನರ ಪಕ್ಕದಲ್ಲಿ ಮೆಲ್ಲಗೆ ಕೆಮ್ಮುವುದು.

ಮೊದಲ ಕ್ಲಾಸಿಗೆ ನಲವತ್ತು ಕುರ್ಚಿ ಹಾಕಿಸಿದ. ಹನ್ನೊಂದು ಜನ ಬಂದರು. ಅವರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು.

ಡೈರೆಕ್ಟರ್ ಅವನನ್ನು ಕರೆದು ಬಾಗಿಲು ಮುಂದೆ ಮಾಡಿದರು. "ಖಾಲಿ ಕುರ್ಚಿಗೆ ಪಾಠ ಹೇಳೋಕೆ ಮದ್ರಾಸಿನಿಂದ ಆಳು ಕರೆಸಬೇಕೇನಪ್ಪಾ? ಇನ್ನೊಂದು ಸಲ ಹೀಗಾದರೆ ಈ ಕೇಂದ್ರಕ್ಕೂ ಬೀಗ, ನಿನ್ನ ಕೆಲಸಕ್ಕೂ ಬೀಗ. ಈ ಊರಲ್ಲಿ ಬೀಗಕ್ಕೇನೂ ಬರ ಇಲ್ಲ" ಎಂದರು.

ಕಂದಸಾಮಿ ಆಗ ತಾನೇ ತಿಲಗವತಿಯನ್ನು ಮದುವೆಯಾಗಿ ದಿಂಡಿಗಲ್ಲಿನ ಬಾಡಿಗೆ ಮನೆಗೆ ಕರೆತಂದಿದ್ದ. ಬಿ.ಕಾಂ. ಮಾಡಿದ ಮಗ ಮರಳಿ ಬಂದು ಕೆಸರಿಗಿಳಿದರೆ ಊರು ನಗದೆ ಬಿಡುತ್ತದೆಯೇ? ಗಿರಣಿಗಳಿಗೆ ಕಾಗದ ಬರೆದ, ಮಂಡಿಗಳಿಗೆ ಅಲೆದ. ಎಲ್ಲರೂ ‘ನೋಡೋಣ’ ಎಂದರು. ನೋಡೋಣ ಎಂದವರು ಬಂದದ್ದನ್ನು ಯಾರು ಕಂಡಿದ್ದಾರೆ?

ಉಪಾಯ ಹೊಳೆದದ್ದು ಊರಿನಲ್ಲಿ, ದಾಯಾದಿಯೊಬ್ಬ ಮಗಳ ಮದುವೆಗೆ ಕರೆಯುತ್ತ ಬಂದಾಗ. ಅಚ್ಚು ಹಾಕಿಸಿದ ಕಾಗದ ನಮ್ಮಲ್ಲಿ ಹೊರಗಿನವರಿಗೆ. ನಮ್ಮವರನ್ನು ಕರೆಯಬೇಕಾದರೆ ಕಂಚಿನ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಅರಿಸಿನದ ಕೊಂಬು ಇಟ್ಟುಕೊಂಡು ಮನೆ ಮನೆಗೆ ಹೋಗಬೇಕು. ಮನೆ ಯಜಮಾನ ಎರಡೂ ಕೈ ಚಾಚಿ ಆ ಎಲೆ ತೆಗೆದುಕೊಂಡನೆಂದರೆ ಮುಗಿಯಿತು. ಮೈಯಲ್ಲಿ ಉಸಿರಿದ್ದರೆ ಬರುತ್ತಾನೆ. ತೆಗೆದುಕೊಂಡು ಬಾರದವನ ಮನೆಗೆ ಆಮೇಲೆ ಯಾರೂ ಸಾವಿಗೂ ಹೋಗುವುದಿಲ್ಲ. ಬಾಗಿಲಿಗೆ ಬಂದ ಎಲೆಯನ್ನು ಬೇಡ ಎಂದವರೂ ಇಲ್ಲ. ನೆರೆಯೂರು ಕೊಂಬೈಯಲ್ಲಿ ಒಬ್ಬ ಎಂದಿದ್ದನಂತೆ. ಅವನ ಮೊಮ್ಮಕ್ಕಳಿಗೂ ಹೆಣ್ಣು ಸಿಗಲಿಲ್ಲ ಎನ್ನುತ್ತಾರೆ.

ದಾಯಾದಿ ಹೋದ ಮೇಲೆ ಕಂದಸಾಮಿ ಅಡುಗೆಮನೆಗೆ ಹೋಗಿ ತಟ್ಟೆ ಕೇಳಿದ.

"ಯಾರ ಮದ್ವೆ ಅಪ್ಪಾ?" ಎಂದು ಕೇಳಿದರು ತಾಯಿ ವೀರಮ್ಮಾಳ್.

"ಮದ್ವೆ ಅಲ್ಲ ಅವ್ವಾ. ಕ್ಲಾಸಿಗೆ."

"ಕ್ಲಾಸಿಗೆ ಎಲೆ ಕೊಡ್ತಾರಾ?"

"ಕೊಟ್ರೆ ಏನಾಯ್ತದೆ? ಕರೆಯೋದು ಕರೆಯೋದೇ ತಾನೆ."

ವೀರಮ್ಮಾಳ್ ತಟ್ಟೆ ತೊಳೆದು ಕೊಟ್ಟರು, ಎಲೆ ಅಡಿಕೆ ಇಟ್ಟರು. ಅರಿಸಿನದ ಕೊಂಬನ್ನು ಮಾತ್ರ ಇಡಲಿಲ್ಲ. ಅದನ್ನು ಡಬ್ಬಿಯಿಂದ ತೆಗೆದು ಇಟ್ಟುಕೊಂಡವನು ಕಂದಸಾಮಿಯೇ.

ಮುಂದಿನ ಕ್ಲಾಸಿನಲ್ಲಿ ನಲವತ್ತು ಕುರ್ಚಿಗೆ ನಲವತ್ತು ಜನ. ಹನುಮಂತನಪಟ್ಟಿಯ ದ್ರಾಕ್ಷಿಯವರು, ಕೊಂಬೈಯ ಕಡಲೆಕಾಯಿಯವರು, ಚಿನ್ನಮನೂರಿನ ಅಕ್ಕಿ ಗಿರಣಿಯವರು, ಎಲ್ಲರೂ ಮಾಮ, ಚಿಕ್ಕಪ್ಪ, ಭಾವ. ಬೆಳೆದದ್ದನ್ನು ಮಾರುವವನೂ ವ್ಯಾಪಾರಿ ತಾನೆ ಎಂದು ಅರ್ಜಿಯಲ್ಲಿ ಎಲ್ಲರಿಗೂ ಒಂದೊಂದು ಉದ್ಯೋಗದ ಹೆಸರನ್ನು ಕಂದಸಾಮಿಯೇ ಬರೆದ. ಮದುವೆಗೆ ಬಂದಂತೆ ಮಡಿಸಿದ ಬಿಳಿ ಪಂಚೆ ಉಟ್ಟು ಬಂದರು, ಮದುವೆಯಲ್ಲಿ ಕೂತಂತೆ ಕೂತರು. ಪ್ರೊಫೆಸರ್ ನಕ್ಕಾಗ ನಕ್ಕರು. ಕೊನೆಯ ದಿನ ಅಭಿಪ್ರಾಯ ಬರೆಯಿರಿ ಎಂದು ಕಾಗದ ಕೊಟ್ಟರೆ, "ನೀನೇ ಬರ್ಕೋ ಅಪ್ಪಾ, ಎಲ್ಲಾ ರೊಂಬ ಚೆನ್ನಾಗಿತ್ತು ಅಂತ" ಎಂದರು. ಉಂಡ ಮನೆಯಲ್ಲಿ ಉಪ್ಪು ಕಡಿಮೆ ಎನ್ನುವ ಜನವಲ್ಲ ನಮ್ಮದು.

ಡೈರೆಕ್ಟರ್ ಅವನ ಬೆನ್ನು ತಟ್ಟಿದರು. ಮೂರು ವರ್ಷ, ಏಳು ಕ್ಲಾಸು, ಒಂದು ಕುರ್ಚಿ ಖಾಲಿ ಬೀಳಲಿಲ್ಲ. ಆ ತಟ್ಟೆ ಬೆಟ್ಟಗಳ ನಡುವಿನ ನಮ್ಮ ಇಡೀ ಕಣಿವೆಯನ್ನು ಸುತ್ತಿತು. ಹೇಗೆ ಎಂದು ಡೈರೆಕ್ಟರ್ ಕೇಳಿದಾಗ ಕಂದಸಾಮಿ "ಕಾಗದ ಬರೀತೀನಿ ಸಾರ್" ಎಂದ. ಟೈ ಕಟ್ಟಿಕೊಂಡವನು ಎಲೆ ಅಡಿಕೆ ಹಿಡಿದು ಬಾಗಿಲು ಬಾಗಿಲಿಗೆ ನಿಲ್ಲುತ್ತೇನೆ ಎಂದು ಹೇಗೆ ಹೇಳುವುದು? ಆಗ ಅವನಿಗಿದ್ದ ನಾಚಿಕೆ ಇಷ್ಟೇ, ಹಳ್ಳಿಯವನ ನಾಚಿಕೆ. ಅದು ತಪ್ಪು ಜಾಗದಲ್ಲಿ ಹುಟ್ಟಿದ ನಾಚಿಕೆ ಎಂದು ತಿಳಿಯಲು ಮಾಯಾಂಡಿ ಮಾಮ ಬರಬೇಕಾಯಿತು.

ಮಾಯಾಂಡಿ ಅವನ ತಾಯಿಯ ತಮ್ಮ. ಹನುಮಂತನಪಟ್ಟಿಯಲ್ಲಿ ಎರಡು ಎಕರೆ ದ್ರಾಕ್ಷಿ ಚಪ್ಪರ. ಬಿಳಿ ಮೀಸೆ, ಅಗಲ ಕೈ, ಮಾತು ಕಡಿಮೆ. ಅರವತ್ತೈದರ ನವೆಂಬರಿನ ಕ್ಲಾಸಿಗೆ ಕಂದಸಾಮಿ ತಟ್ಟೆ ಹಿಡಿದು ಹೋದಾಗ ಅವರ ತೋಟದಲ್ಲಿ ಬಳ್ಳಿ ಸವರಿ ಕೆಲವೇ ದಿನವಾಗಿತ್ತು. ಹೆಂಡತಿ ಪಿಚ್ಚೈಯಮ್ಮಾಳ್ ಒಮ್ಮೆ ಚಪ್ಪರದ ಕಡೆ ನೋಡಿದರು, ಒಮ್ಮೆ ಗಂಡನ ಕಡೆ ನೋಡಿದರು. ಮಾಯಾಂಡಿ ಎರಡೂ ಕೈ ಚಾಚಿ ಎಲೆ ತೆಗೆದುಕೊಂಡರು.

ಕ್ಲಾಸಿನ ಎರಡನೆಯ ದಿನ ಮಳೆ ಹಿಡಿಯಿತು. ಮೂರನೆಯ ದಿನವೂ ಬಿಡಲಿಲ್ಲ. ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವರಿದ ಬಳ್ಳಿ ಚಿಗುರಿ ಎಳೆ ಗೊನೆ ಕಣ್ಣು ಬಿಡುವ ಹೊತ್ತಿನಲ್ಲಿ ಮಳೆ ಬಿದ್ದರೆ, ಹೊಳವಾದ ತಕ್ಷಣ ಸುಣ್ಣ ಮೈಲುತುತ್ತ ಕಲಸಿ ಹೊಡೆಯಬೇಕು. ಒಂದು ದಿನ ತಡವಾದರೆ ಎಲೆಯ ಕೆಳಗೆ ಬೂಷ್ಟು ಕೂರುತ್ತದೆ, ಆಮೇಲೆ ಗೊನೆ ಕಪ್ಪಾಗಿ ಉದುರುತ್ತದೆ. ಆಳಿನ ಕೈಯಲ್ಲಿ ಬಿಡುವ ಕೆಲಸವಲ್ಲ ಅದು. ಕಲಸುವ ಅಳತೆ ಮಾಯಾಂಡಿಯವರ ಕಣ್ಣಿನಲ್ಲೇ ಇತ್ತು.

ಮೂರನೆಯ ದಿನ ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂತು. ಪ್ರೊಫೆಸರ್ ಕಪ್ಪು ಹಲಗೆಯ ಮೇಲೆ ‘ಸಕಾಲದಲ್ಲಿ ತೀರ್ಮಾನ’ ಎಂದು ಬರೆಯುತ್ತಿದ್ದರು. ಮಾಯಾಂಡಿ ಕಿಟಕಿಯಾಚೆ ನೋಡುತ್ತಿದ್ದರು. ಕಂದಸಾಮಿ ಹತ್ತಿರ ಹೋಗಿ ಬಗ್ಗಿ, "ಏನ್ ಮಾಮಾ?" ಎಂದ.

"ಏನಿಲ್ಲ ಅಳಿಯಾ. ಹೊಳವಾಯ್ತು."

ಅಷ್ಟೇ ಅಂದದ್ದು. ಕಂದಸಾಮಿಗೆ ಅರ್ಥವಾಯಿತು. ಚಪ್ಪರದ ಕೆಳಗೆ ಆಡಿ ಬೆಳೆದವನಿಗೆ ಅರ್ಥವಾಗದೆ ಇರುತ್ತದೆಯೇ? ‘ಹೋಗಿ ಮಾಮಾ, ಈಗಿನ ಬಸ್ಸಿಗೇ ಹೋಗಿ’ ಎಂದರೆ ಆಗುತ್ತಿತ್ತು. ಎಲೆ ಕೊಟ್ಟವನೇ ಬಿಡುಗಡೆ ಕೊಟ್ಟರೆ ಹೋಗಬಹುದು, ಅದೂ ನಮ್ಮಲ್ಲಿ ಉಂಟು. ಆದರೆ ಮಾರನೆಯ ದಿನ ಗಿರಣಿ ಮಾಲೀಕರು ಕ್ಲಾಸು ನೋಡಲು ಬರುವವರಿದ್ದರು. ಮಾಯಾಂಡಿ ಕೂತದ್ದು ಮೊದಲ ಸಾಲಿನ ನಡು ಕುರ್ಚಿ. ಕಂದಸಾಮಿ ಬಾಯಿ ತೆರೆದು, ಆ ಕುರ್ಚಿಯನ್ನು ಒಮ್ಮೆ ನೋಡಿ, "ಟೀ ಬತ್ತದೆ ಮಾಮಾ" ಎಂದ.

ಆ ಸಲ ಮಾಯಾಂಡಿಯವರ ತೋಟದಲ್ಲಿ ನಾಲ್ಕರಲ್ಲಿ ಮೂರು ಪಾಲು ಉದುರಿತು. ಊರಿಗೆ ಹೋದಾಗ ಕಂದಸಾಮಿ ಆ ಬೀದಿ ಬಿಟ್ಟು ಸುತ್ತಿ ಹೋದ. ಒಂದು ದಿನ ಎದುರಿಗೇ ಸಿಕ್ಕ ಮಾಮ, ತಿಲಗವತಿ ಹೇಗಿದ್ದಾಳೆ ಎಂದು ಕೇಳಿದರು. ದ್ರಾಕ್ಷಿಯ ಮಾತೇ ಎತ್ತಲಿಲ್ಲ. ಬೈದಿದ್ದರೆ ಇವನು ಬದುಕಿಕೊಳ್ಳುತ್ತಿದ್ದ.

ಅರವತ್ತಾರರ ಆಗಸ್ಟಿನಲ್ಲಿ ದಿಂಡಿಗಲ್ಲಿನಲ್ಲೇ ಒಂದು ಸಮ್ಮೇಳನ ಸೇರಿತು. ಕಂದಸಾಮಿಯಂತೆ ಇಂಥ ಕ್ಲಾಸುಗಳನ್ನು ನಡೆಸುವವರದೇ ಸಮ್ಮೇಳನ. ಮದ್ರಾಸು, ಕೊಯಮತ್ತೂರು, ಬೆಂಗಳೂರು, ಕೊಚ್ಚಿಗಳಿಂದ ಇಪ್ಪತ್ತೆಂಟು ಜನ ಬಂದರು. ಇವರಿಗೆಲ್ಲ ಕಸುಬು ಕಲಿಸಲು ಬೊಂಬಾಯಿಯಿಂದ ದೊಡ್ಡ ಪ್ರೊಫೆಸರ್. ಜಗತ್ತಿಗೆ ಆಡಳಿತ ಕಲಿಸುವವರು ಮೂರು ದಿನ ಕೂತು ಬೇರೆ ಏನು ಮಾತಾಡಿದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಗೋಳಿಗೆ: ಜನ ಬರುವುದಿಲ್ಲ. ಎಲ್ಲ ಊರಲ್ಲೂ ಕುರ್ಚಿ ಖಾಲಿ. ದಿಂಡಿಗಲ್ಲು ಒಂದನ್ನು ಬಿಟ್ಟು.

ಮೊದಲ ದಿನವೇ ಡೈರೆಕ್ಟರ್ ಕಂದಸಾಮಿಯನ್ನು ಎಬ್ಬಿಸಿ ನಿಲ್ಲಿಸಿದರು. ಏಳು ಕ್ಲಾಸು, ನೂರಕ್ಕೆ ನೂರು ಹಾಜರಿ, ನೀನೇ ಹೇಳಪ್ಪಾ ಹೇಗೆಂದು. ಇಪ್ಪತ್ತೆಂಟು ಪೆನ್ನುಗಳ ಮುಚ್ಚಳ ತೆರೆದವು. ಕಂದಸಾಮಿಯ ಹೊಸ ಟೆರಿಲಿನ್ ಶರ್ಟು ಬೆನ್ನಿಗೆ ಅಂಟಿತು.

"ಮೂರು ಕಾಗದ" ಎಂದ ಇಂಗ್ಲಿಷಿನಲ್ಲಿ. "ಮೊದಲನೆಯದು ಪರಿಚಯಕ್ಕೆ, ಎರಡನೆಯದು ಅಗತ್ಯ ತಿಳಿಸುವುದಕ್ಕೆ, ಮೂರನೆಯದು ಸ್ವಂತ ಕೈಬರಹದಲ್ಲಿ." ಸುಳ್ಳಿಗೆ ಕೈಕಾಲು ಬೇಗ ಬರುತ್ತವೆ. ಕೊಯಮತ್ತೂರಿನವರು ಕಾಗದ ನೀಲಿ ಶಾಯಿಯಲ್ಲೋ ಕಪ್ಪಿನಲ್ಲೋ ಎಂದು ಕೇಳಿದರು. ನೀಲಿ ಎಂದ. ಬರೆದುಕೊಂಡರು.

ಬೊಂಬಾಯಿ ಪ್ರೊಫೆಸರಿಗೆ ಇಷ್ಟು ಸಾಲಲಿಲ್ಲ. ಕಾಗದ ನೋಡಿ ಬಂದ ಒಬ್ಬ ಹಳೆಯ ವಿದ್ಯಾರ್ಥಿಯ ಬಾಯಿಂದಲೇ ಕೇಳಬೇಕು, ಕೊನೆಯ ದಿನ ಕರೆಸಿ ಎಂದರು. ಡೈರೆಕ್ಟರ್ ಹಿಗ್ಗಿ ಒಪ್ಪಿಕೊಂಡರು.

ಯಾರನ್ನು ಕರೆಸುವುದು? ನೋಡಲು ಘನವಾಗಿರಬೇಕು, ಬಾಯಿ ಬಿಟ್ಟು ದೂರು ಹೇಳದವರಾಗಿರಬೇಕು. ಕಂದಸಾಮಿಗೆ ಬೇರೆ ಮುಖ ನೆನಪಿಗೇ ಬರಲಿಲ್ಲ. ಹತ್ತಿದ ಏಣಿಯನ್ನು ಒದೆಯುವವರಿದ್ದಾರೆ. ಇವನು ಅದೇ ಏಣಿಯನ್ನು ಇನ್ನೊಂದು ಸಲ ಗೋಡೆಗೆ ಒರಗಿಸಿದ. ಸಂಜೆ ಬಸ್ಸಿಗೆ ಊರಿಗೆ ಹೋಗಿ, ತಟ್ಟೆ ತೆಗೆದುಕೊಂಡು, ಬೆಳಿಗ್ಗೆ ಹನುಮಂತನಪಟ್ಟಿಯ ಬಾಗಿಲಲ್ಲಿ ನಿಂತ. ಮಾಯಾಂಡಿ ಎರಡೂ ಕೈ ಚಾಚಿದರು.

ಬಸ್ಸಿನಲ್ಲಿ ಬರುತ್ತ ಒಂದು ಏರ್ಪಾಡು ಮಾಡಿಕೊಂಡ. ಮಾಮ ತಮಿಳಿನಲ್ಲಿ ಮಾತಾಡಿದರೆ ಮದ್ರಾಸಿನವರಿಗೂ ಕೊಯಮತ್ತೂರಿನವರಿಗೂ ತಿಳಿದುಬಿಡುತ್ತದೆ. ಅದಕ್ಕೇ, "ಮಾಮಾ, ಅಲ್ಲಿ ನಮ್ಮ ಮಾತಲ್ಲೇ ಮಾತಾಡಿ. ನಾನು ಇಂಗ್ಲೀಸಲ್ಲಿ ಹೇಳ್ತೀನಿ" ಎಂದ.

ಮಾಯಾಂಡಿ ಅವನನ್ನು ತಿರುಗಿ ನೋಡಿದರು. "ನಮ್ಮ ಮಾತಲ್ಲಾ? ಅಷ್ಟು ದೊಡ್ಡ ಸಬೇಲಾ?" ಕಿಟಕಿಯ ಕಡೆ ಮುಖ ಮಾಡಿಕೊಂಡು ತಮ್ಮಷ್ಟಕ್ಕೆ ನಕ್ಕರು. ಮೀಸೆಯ ತುದಿಯನ್ನು ತಿದ್ದಿಕೊಂಡರು. ಅವರಿಗೆ ಅದು ಗೌರವವಾಗಿ ಕಂಡಿತು.

ಇಲ್ಲಿ ಕಂದಸಾಮಿ ಮಾಡಿದ ತಪ್ಪನ್ನು ನಮ್ಮ ಜನ ಮಾತ್ರ ಮಾಡಬಲ್ಲರು. ಹುಟ್ಟಿದಾಗಿನಿಂದ ನಾವು ಈ ಮಾತನ್ನು ಆಡುವುದು ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ, ಹೊರಗಿನವರ ಎದುರಿಗೆ ಗುಟ್ಟು ಹೇಳಬೇಕಾದಾಗ. ಅಂಗಡಿಯಲ್ಲಿ ಬೆಲೆ ಜಾಸ್ತಿಯಾಯಿತು ಎಂದು ಹೆಂಡತಿಗೆ ಹೇಳುವುದು ಇದರಲ್ಲೇ. ಇದು ನಮ್ಮ ಮನೆಯ ಬೀಗ, ಕೀಲಿ ನಮ್ಮ ಸೊಂಟದಲ್ಲಿ ಮಾತ್ರ ಇದೆ ಎಂದುಕೊಂಡೇ ದೊಡ್ಡವರಾಗುತ್ತೇವೆ. ಮೈಸೂರು ಸೀಮೆಯಲ್ಲಿ ಕನ್ನಡ ಇದೆ ಎಂದು ಗೊತ್ತು. ಆದರೆ ಅದು ಪುಸ್ತಕದ ಕನ್ನಡ, ಅವರಿಗೆ ನಮ್ಮದು ತಿಳಿಯುವುದಿಲ್ಲ ಎಂಬ ನಂಬಿಕೆ. ಎದೆಯ ಚೀಟಿಯ ಮೇಲೆ ‘ಬೆಂಗಳೂರು’ ಎಂದು ತನ್ನ ಕೈಯಾರೆ ಬರೆದಿದ್ದರೂ ಕಂದಸಾಮಿಗೆ ಅದು ಹೊಳೆಯಲಿಲ್ಲ.

ಕೊನೆಯ ದಿನ ಮಾಯಾಂಡಿಯವರನ್ನು ವೇದಿಕೆಯ ಮೇಲೆ ಕೂರಿಸಿದರು. ಬೊಂಬಾಯಿ ಪ್ರೊಫೆಸರ್ ಇಂಗ್ಲಿಷಿನಲ್ಲಿ ಕೇಳಿದರು: ನೀವು ಈ ಕ್ಲಾಸಿಗೆ ಬರಲು ಕಾರಣವೇನು, ಬಂದದ್ದರಿಂದ ಪ್ರಯೋಜನವೇನಾಯಿತು?

ಕಂದಸಾಮಿ ಅದನ್ನು ಕನ್ನಡದಲ್ಲಿ ಹೇಳಿದ. ಮಾಯಾಂಡಿ ಮೈಕಿನ ಮುಂದೆ ಎದ್ದು ನಿಂತು ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಯಾಕ್ ಬಂದೆ ಅಂದ್ರೆ, ನನ್ನ ಅಕ್ಕನ ಮಗ ತಟ್ಟೆ ಎತ್ಕೊಂಡು ಬಾಗ್ಲಿಗೆ ಬಂದ. ಎಲೆಅಡಕೆ ಕೊಟ್ಟ. ಎಲೆ ವಾಂಗ್ಕೊಂಡ ಮ್ಯಾಲೆ ಬರಲ್ಲ ಅನ್ನೋಕಾಯ್ತದಾ? ಅದಕ್ಕೇ ಬಂದೆ. ಪಾಡ ಹೇಳಿದ್ರು, ಪಾವ, ಅವರು ಕಷ್ಟಪಟ್ಟೇ ಹೇಳಿದ್ರು. ಆನಾ ನನ್ನ ತಲೆಗೆ ಒಂದೂ ಏರ್ಲಿಲ್ಲ. ಆ ಐದು ದಿವ್ಸದಲ್ಲೇ ಮಳೆ ಬಂತು. ಮರುಂದು ಹೊಡೆಯೋಕಾಗ್ಲಿಲ್ಲ, ದ್ರಾಚ್ಚಿ ಹೋಯ್ತು. ಹೋದ್ರೆ ಹೋಗ್ಲಿ, ಇನ್ನೊಂದು ಕಾಲಕ್ಕೆ ಬತ್ತದೆ. ಎಲೆ ಮಾತು ಹೋದ್ರೆ ಬತ್ತದಾ? ಅದು ನಿಂತದೆ. ಅಷ್ಟೇ ಸಾಕು ನಮಗೆ."

ಸಭೆ ಕಂದಸಾಮಿಯ ಕಡೆ ತಿರುಗಿತು.

ಅವನಿಗೆ ಒಂದು ಗಳಿಗೆ, ಒಂದೇ ಒಂದು ಗಳಿಗೆ, ಇದ್ದದ್ದನ್ನು ಇದ್ದಂತೆ ಹೇಳಿಬಿಡಲೇ ಅನ್ನಿಸಿತು. ಡೈರೆಕ್ಟರ್ ಮೊದಲ ಸಾಲಿನಲ್ಲಿ ನಗುತ್ತ ಕೂತಿದ್ದರು. ಕಂದಸಾಮಿ ಇಂಗ್ಲಿಷಿನಲ್ಲಿ ಹೇಳಿದ: "ಕೇಂದ್ರದಿಂದ ಬಂದ ಮೂರನೆಯ ಕಾಗದ ತಮ್ಮ ಮನಸ್ಸನ್ನು ಮುಟ್ಟಿತು ಎನ್ನುತ್ತಾರೆ. ಸಕಾಲದಲ್ಲಿ ತೀರ್ಮಾನ ಮಾಡುವುದನ್ನು ಇಲ್ಲಿ ಕಲಿತರಂತೆ. ಅದರಿಂದ ದ್ರಾಕ್ಷಿಯ ಇಳುವರಿ ಹೆಚ್ಚಾಯಿತಂತೆ."

ಚಪ್ಪಾಳೆ ಬಿತ್ತು. ಬೊಂಬಾಯಿ ಪ್ರೊಫೆಸರ್ ಎದ್ದು ನಿಂತೇ ತಟ್ಟಿದರು. ಮಾಯಾಂಡಿ ನಾಲ್ಕೂ ಕಡೆ ತಿರುಗಿ ಕೈ ಮುಗಿದರು. ಅವರ ಕಣ್ಣು ತುಂಬಿತ್ತು. ಅಳಿಯನ ಕಿವಿಯ ಹತ್ತಿರ ಬಂದು, "ನೋಡ್ದ್ಯಾ, ನಮ್ಮ ಎಲೆಗೆ ಎಂಥಾ ಮರ್ವಾದಿ ಮಾಡ್ತಾರೆ!" ಎಂದರು.

ಕಂದಸಾಮಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಅವನು ವೇದಿಕೆಯ ಮೆಟ್ಟಿಲನ್ನು ನೋಡಿ ನೋಡಿ ಇಳಿದ.

ಟೀ ಹೊತ್ತಿನಲ್ಲಿ ಒಬ್ಬ ವಯಸ್ಸಾದವರು ಹತ್ತಿರ ಬಂದರು. ಕನ್ನಡಕ, ಕರಿ ಕೋಟು, ಎದೆಯ ಮೇಲೆ ಕಂದಸಾಮಿಯ ಕೈಬರಹದ ಚೀಟಿ. ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: "ನಿಮ್ಮ ಮಾವನವರ ಮಾತು ನಮ್ಮಜ್ಜಿ ಆಡ್ತಿದ್ದ ಹಾಗಿದೆ. ಒಂದೆರಡು ಪದ ಬಿಟ್ಟರೆ ಎಲ್ಲಾ ತಿಳೀತು."

ಕಂದಸಾಮಿಯ ಕೈಯ ಬಟ್ಟಲಿನಿಂದ ಟೀ ಚೆಲ್ಲಿ ಹೊಸ ಶರ್ಟಿನ ಮೇಲೆ ಬಿತ್ತು. ಮೈಯ ಮೇಲಿನ ಬಟ್ಟೆಯನ್ನೆಲ್ಲ ಯಾರೋ ಕಿತ್ತುಕೊಂಡು ಸಭೆಯಲ್ಲಿ ನಿಲ್ಲಿಸಿದಂತಾಯಿತು. "ಸಾರ್..." ಎಂದ.

"ನಾನು ಯಾರಿಗೂ ಹೇಳೋದಿಲ್ಲ" ಎಂದರು ಅವರು. ಬೈಗುಳದ ದನಿಯಲ್ಲ. ಹಾಗೆಂದೇ ಅದು ಇನ್ನೂ ಆಳಕ್ಕೆ ಇಳಿಯಿತು. "ಅವರ ಜೊತೆ ಎರಡು ಮಾತಾಡಬಹುದೇ?"

ಕಂದಸಾಮಿ ಅಂಗಳದ ಕಡೆ ಕೈ ತೋರಿಸಿದ. ಅವರು ಹೋಗಿ ಬೇವಿನ ಮರದ ಕೆಳಗೆ ಮಾಯಾಂಡಿಯವರ ಪಕ್ಕದಲ್ಲಿ ಕೂತರು. ಕಂದಸಾಮಿ ಕಂಬದ ಮರೆಯಲ್ಲಿ ನಿಂತು ನೋಡಿದ. ಮಾಮ ಕೈ ಆಡಿಸಿ ಏನೋ ಹೇಳುತ್ತಿದ್ದರು, ತಟ್ಟೆ ಹಿಡಿಯುವುದನ್ನು ತೋರಿಸುತ್ತಿದ್ದರು. ಒಮ್ಮೆ ಇಬ್ಬರೂ ನಕ್ಕರು. ಆಮೇಲೆ ಬೆಂಗಳೂರಿನವರು ನಗಲಿಲ್ಲ. ಮೀಸೆ ಬೋಳಿಸಿಕೊಂಡು ಊರು ಬಿಡಲೇ ಎಂದು ಕಂದಸಾಮಿ ನಿಜವಾಗಿ ಯೋಚಿಸಿದ.

ಸಂಜೆ ಮಾಮನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಮಾಯಾಂಡಿಯವರೇ ಮಾತು ತೆಗೆದರು.

"ಆ ಬೆಂಗ್ಳೂರ್ ದೊಡ್ಡವರು ನಮ್ಮ ಮಾತೇ ಆಡ್ತಾರೆ, ಅಳಿಯಾ! ನಂಬೋಕಾಗ್ಲಿಲ್ಲ ನನಗೆ. ಎಲೆ ಸಮಾಚಾರನ ನಿಮ್ಮ ಅಳಿಯ ಇಂಗ್ಲೀಸಲ್ಲಿ ಹೇಳಿದ್ನಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಹೇಳದೆ ಇರ್ತಾನಾ, ಅಷ್ಟು ಕೈ ತಟ್ಟಿದ್ರಲ್ಲ ಅಂದೆ."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಸುಮ್ನೆ ನನ್ನ ಕೈ ಹಿಡ್ಕೊಂಡ್ರು." ಮಾಯಾಂಡಿ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಒಳ್ಳೆ ಮನ್ಸ" ಎಂದರು. ತೇನಿ ಬಸ್ಸು ಬಂತು. ಹತ್ತಿ ಕೂತು, ಕಿಟಕಿಯಿಂದ ಕೈ ಬೀಸದೆ ಹೋದರು. ಜನ ಜಾಸ್ತಿ ಇತ್ತು, ನೋಡಿರಲಿಕ್ಕಿಲ್ಲ ಎಂದು ಕಂದಸಾಮಿ ತನಗೆ ತಾನೇ ಹೇಳಿಕೊಂಡ.

ಸಮ್ಮೇಳನದ ವರದಿ ಅಚ್ಚಾಗಿ ಬಂತು. ಅದರಲ್ಲಿ ‘ದಿಂಡಿಗಲ್ಲಿನ ಮೂರು ಕಾಗದದ ಪದ್ಧತಿ’ಗೆ ಎರಡು ಪುಟ. ಕೊಯಮತ್ತೂರಿನವರು ನೀಲಿ ಶಾಯಿಯಲ್ಲಿ ಇನ್ನೂರು ಜನರಿಗೆ ಬರೆದು ಒಂಬತ್ತು ಜನರನ್ನು ಕೂರಿಸಿ, ನಮ್ಮ ತಪ್ಪೆಲ್ಲಿ ಎಂದು ಕೇಳಿ ಕಂದಸಾಮಿಗೆ ಬರೆದರು. ಆ ಕಾಗದಕ್ಕೆ ಅವನು ಉತ್ತರ ಬರೆಯಲಿಲ್ಲ.

ನವೆಂಬರಿನ ಕ್ಲಾಸಿಗೆ ತಟ್ಟೆ ಹಿಡಿಯಲಿಲ್ಲ. ಹೇಳಿದ ಸುಳ್ಳನ್ನೇ ಮಾಡಿ ನೋಡಿದ. ಕೂತು ಮೂರು ಮೂರು ಕಾಗದ ಬರೆದ. ಹದಿಮೂರು ಜನ ಬಂದರು. ನೆಂಟರು ಒಬ್ಬರೂ ಬರಲಿಲ್ಲ, ಕರೆದಿದ್ದರೆ ತಾನೆ ಬರುವುದು. ಡೈರೆಕ್ಟರ್ ಕೆಂಡವಾದರು. ಗಿರಣಿ ಮಾಲೀಕರು ನಕ್ಕರಂತೆ. ಹೊಸ ವರ್ಷಕ್ಕೆ ಕಂದಸಾಮಿಯನ್ನು ಸೆಕ್ರೆಟರಿ ಕೆಲಸದಿಂದ ತೆಗೆದು ಹಿಂದಿನ ಕೋಣೆಯಲ್ಲಿ ಕಾಗದ ಕುರ್ಚಿಗಳ ಉಗ್ರಾಣ ನೋಡಿಕೊಳ್ಳಲು ಹಾಕಿದರು. ತಿಲಗವತಿ ಯಾಕೆ ಎಂದು ಕೇಳಿದಳು. "ಎಲೆ ಹಿಡಿಯೋದು ಬಿಟ್ಟೆ" ಎಂದ.

"ಮೊದ್ಲೇ ಬಿಟ್ಟಿದ್ರೆ ಆಗ್ತಿತ್ತು" ಎಂದಳು ತಿಲಗವತಿ. ಅವಳೂ ನಮ್ಮವಳೇ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಕಂದಸಾಮಿಯ ತಂಗಿ ಅಳಗಮ್ಮಾಳಿನ ಮದುವೆ ಎರಡೇ ದಿನದಲ್ಲಿ ಗೊತ್ತಾಯಿತು, ಸುದ್ದಿ ಇನ್ನೂ ಮನೆಯ ಹೊರಗೆ ಹೋಗಿರಲಿಲ್ಲ. ಅಪ್ಪನಿಗೆ ಮಂಡಿ ನೋವು, ಕರೆಯಲು ಹೋಗುವವನು ಇವನೇ. ವೀರಮ್ಮಾಳ್ ತಟ್ಟೆ ತೊಳೆದು, ಈ ಸಲ ಅರಿಸಿನದ ಕೊಂಬನ್ನು ತಾವೇ ಆರಿಸಿ ಇಟ್ಟರು. ಮೊದಲ ಎಲೆ ಸೋದರಮಾವನಿಗೆ. ಅದು ನಮ್ಮ ಕಟ್ಟು.

ಹನುಮಂತನಪಟ್ಟಿಯ ಆ ಬಾಗಿಲಲ್ಲಿ ಕಂದಸಾಮಿ ನಿಂತಾಗ ಪಿಚ್ಚೈಯಮ್ಮಾಳ್ ಅಂಗಳದಲ್ಲಿ ಸುಣ್ಣ ಸೋಸುತ್ತಿದ್ದರು. ಹಿಂದಿನ ಎರಡು ದಿನ ಕಾಲವಲ್ಲದ ಕಾಲದಲ್ಲಿ ತುಂತುರು ಬಿದ್ದಿತ್ತು. ತೋಟದಲ್ಲಿ ಔಷಧಿ ಹೊಡೆಯುವ ಕೆಲಸ. ಅವರು ತಟ್ಟೆ ನೋಡಿದ ತಕ್ಷಣ ಕೈ ಒರೆಸಿಕೊಂಡು ಎದ್ದರು. ಹಿತ್ತಲ ಕಡೆ ತಿರುಗಿ ಕೂಗಿದರು:

"ಇಲ್ಲಿ ಬನ್ನಿ, ಕಂದಸಾಮಿ ಬಂದವ್ನೆ! ಎಲೆ ತಂದವ್ನೆ! ಮರುಂದು ಪಾಂಡಿ ಕೈಗೆ ಕೊಟ್ಟು ಬನ್ನಿ, ಅವ್ನು ಆದಷ್ಟು ಹೊಡೀಲಿ!"

ಪಾಂಡಿ ಎಂದರೆ ತೋಟದ ಆಳು. ಅತ್ತೆ ಆಮೇಲೆ ಕಂದಸಾಮಿಯ ಕಡೆ ತಿರುಗಿ, ಚಾಪೆ ಹಾಕುತ್ತ, ಬಂದವರ ಬಾಯಾರಿಕೆ ಕೇಳುವಷ್ಟೇ ಸಹಜವಾಗಿ ಕೇಳಿದರು:

"ಇದು ಮದ್ವೆ ಎಲೆನಾ ಅಪ್ಪಾ, ಕ್ಲಾಸ್ ಎಲೆನಾ? ಕ್ಲಾಸ್ ಆದ್ರೆ ಅವರ ನೋಟುಪುಸ್ತಕ ಅಟ್ಟದ ಪರಣೆ ಮ್ಯಾಲೆ ಅದೆ, ಎತ್ತಿ ಇಡ್ತೀನಿ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರಿಗೆ ನಿಜವಾಗಿ ಗೊತ್ತಾಗಬೇಕಿತ್ತು. ಈಗ ಎರಡು ಬಗೆಯ ಎಲೆ ಇದೆಯಲ್ಲ. ತಲೆತಲಾಂತರದಿಂದ ಒಂದೇ ಆಗಿದ್ದುದನ್ನು ಎರಡು ಮಾಡಿದವ ತಾನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಕಂದಸಾಮಿ ಕಳೆದದ್ದು ತನ್ನದೊಂದೇ ಮಾನವಾಗಿದ್ದರೆ ಹೋಗಲಿ ಎನ್ನಬಹುದಿತ್ತು.  ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಾಯಾಂಡಿ ಬಂದರು. ಮೊಣಕೈವರೆಗೆ ಮೈಲುತುತ್ತದ ನೀಲಿ. ಏನು, ಎತ್ತ ಎಂದು ಕೇಳಲಿಲ್ಲ. ತಟ್ಟೆಯ ಮುಂದೆ ನಿಂತು ಎರಡೂ ಕೈ ಚಾಚಿದರು.

ಕಂದಸಾಮಿ ಎಲೆ ಎತ್ತಲಿಲ್ಲ. "ಮಾಮಾ" ಎಂದ. "ಆವತ್ತು ಅವರು ಕೈ ತಟ್ಟಿದ್ದು ನಮ್ಮ ಎಲೆಗಲ್ಲ. ನಾನು ಎಲೆ ಮಾತೇ ಹೇಳ್ಲಿಲ್ಲ. ಸುಳ್ಳು ಹೇಳ್ದೆ. ನಿಮ್ಮ ದ್ರಾಚ್ಚಿ ಜಾಸ್ತಿ ಬಂತು ಅಂತ ಹೇಳ್ದೆ. ಆ ಮಳೇಲೂ... ಹೊಳವಾದ ದಿವ್ಸ... ನಿಮ್ಮನ್ನ ಕಳ್ಸಬೋದಿತ್ತು. ತಿಳಿದೇ ಕಳ್ಸಲಿಲ್ಲ."

ಪಿಚ್ಚೈಯಮ್ಮಾಳ್ ಚಾಪೆ ಬಿಡಿಸುತ್ತಿದ್ದವರು ಹಾಗೇ ನಿಂತರು. ತೋಟದಲ್ಲಿ ಪಾಂಡಿ ಪಂಪು ಹೊಡೆಯುವ ಸದ್ದು ಕೇಳುತ್ತಿತ್ತು.

ಮಾಯಾಂಡಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ಮಾತ್ರ ಅಳಿಯನ ಮುಖ ಬಿಟ್ಟು ತಟ್ಟೆಗೆ ಇಳಿಯಿತು.

"ಆ ಬೆಂಗ್ಳೂರಿನವರು ಕೈ ಹಿಡ್ಕೊಂಡಾಗ್ಲೇ ತಿಳೀತು" ಎಂದರು. "ಕೊಡು ಅಳಿಯಾ. ಚಾಚಿದ ಕೈ ಎಷ್ಟೊತ್ತು ಬಿಸ್ಲಲ್ಲಿ ಇರೋದು."

ಕಂದಸಾಮಿ ಕೊಟ್ಟ. ಎಲೆಯ ಮೇಲೆ ಮಾಮನ ಬೆರಳಿನ ನೀಲಿ ಹತ್ತಿತು. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, ಪಂಚೆಯ ಮಡಿಕೆಗೆ ಹಾಕಿಕೊಂಡು, ಗಂಟು ಬಿಗಿದ ಮೇಲೆ ಕೇಳಿದರು:

"ಈಗ ಹೇಳು. ಯಾತಕ್ಕೆ ಇದು?"